ಕೆದುಂಗ್‌ಸಾರಿಯ ಕೊಳವೆ ಬೆಳೆದಿರಲಿಲ್ಲ

ಬೆಳಗಿನ ನಮಾಜು ಮುಗಿದು ಇನ್ನೂ ಕಾಲು ಗಂಟೆಯಾಗಿಲ್ಲ. ರುಕಾನಾ ಅಕ್ಕ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಾರೆ. ತಲೆಯ ಮೇಲಿದ್ದ ಕಡ್ಡಿಯ ಹೊರೆಯನ್ನು ಬಿದಿರುಗಂಬಗಳ ಎರಡು ಸಾಲಿನ ನಡುವೆ ಇಳಿಸಿ, ಹತ್ತಿ ನಿಂತು ತುಳಿಯುತ್ತಾರೆ. ದೋಣಿಯಲ್ಲಿ ಕೂತು ಏಡಿಯ ಬುಟ್ಟಿ ಸರಿಪಡಿಸುತ್ತಿರುವ ಗಂಡ ಸುಲ್ಖಾನ್‌ಗೆ ಸುಮ್ಮನಿರಲು ಆಗುವುದಿಲ್ಲ.

"ಏ, ಮೆಲ್ಲಗೆ ಕಣೇ! ನಿನ್ನ ಭಾರಕ್ಕೇ ಊರು ಇನ್ನೊಂದು ಗೇಣು ಇಳಿದೀತು."

"ನಿಮ್ಮ ನಾಲಿಗೆ ಭಾರಕ್ಕೆ ದೋಣಿ ಮುಳುಗದಿದ್ರೆ ಸಾಕು. ಆ ಹೊರೆ ಕೊಡಿ ಇತ್ಲಾಗೆ."

ಅಕ್ಕ ನಿಂತಿರುವ ನೀರಿನ ಕೆಳಗೆ ಇರುವುದು ಊರಿನ ಖಬರಸ್ತಾನ. ಗೋರಿಗಳಿದ್ದ ಕಡೆಯೆಲ್ಲ ಒಂದೊಂದು ಬಿದಿರು, ಅದರ ಮೇಲೆ ಹೆಸರು ಬರೆದ ತಗಡು. ಮೂರನೇ ಸಾಲಿನ ಕೊನೆಯ ಬಿದಿರು ಅವರ ತಾಯಿಯದು. ಉಪವಾಸದ ತಿಂಗಳಿಗೆ ಮುಂಚೆ ಊರವರು ದೋಣಿಯಲ್ಲಿ ಬಂದು ಈ ಬಿದಿರುಗಳ ಬುಡದಲ್ಲಿ ಗುಲಾಬಿ ಎಸಳು ಚೆಲ್ಲಿ ಪ್ರಾರ್ಥಿಸಿ ಹೋಗುತ್ತಾರೆ. ಎಸಳು ಅರ್ಧ ನಿಮಿಷವೂ ಅಲ್ಲಿ ನಿಲ್ಲುವುದಿಲ್ಲ, ತೇಲಿ ಯಾರದೋ ಬಾಗಿಲಿಗೆ ಹೋಗಿ ಬೀಳುತ್ತವೆ.

ರುಕಾನಾ ಅಕ್ಕನಿಗೆ ಐವತ್ಮೂರು. ಜಾವಾದ ಈ ಉತ್ತರ ಕರಾವಳಿಯಲ್ಲಿ ಅವರನ್ನು ಗುರುತಿಸುವವರು ಕಡಿಮೆ, ಗುರುತಿಸಿದರೂ ಸೀಗಡಿ ಕುಟ್ಟಿ ತೆರಾಸಿ ಮುದ್ದೆ ಮಾಡುವವಳೆಂದೇ. ದಿನಕ್ಕೆ ಹನ್ನೆರಡು ಹೊರೆ ಕಡ್ಡಿ, ಒಟ್ಟು ನೂರ ಎಂಬತ್ತು ಮೀಟರು ಬೇಲಿ, ಸತತ ಆರು ವರ್ಷ. ಮೊದಲೆರಡು ವರ್ಷ ಯಾವುದೋ ಯೋಜನೆಯವರು ಕೂಲಿ ಕೊಟ್ಟರು, ಫೋಟೊ ತೆಗೆದರು, ಹೋದರು. ಆಮೇಲಿನ ನಾಲ್ಕು ವರ್ಷ ಅವರು ಒಬ್ಬರೇ.

"ಗೋಡೆ ಕಟ್ಟಿದ್ರೆ ಅಲೆಗೆ ಸಿಟ್ಟು ಬರತ್ತೆ, ಬುಡ ಕೆರೆದು ಗೋಡೇನೇ ಕೆಡವತ್ತೆ," ಎಂದು ಅಕ್ಕ ನನಗೆ ವಿವರಿಸುತ್ತಾರೆ. "ಬೇಲಿ ಹಾಗಲ್ಲ. ಒಳಗೆ ಬಾ ಅಂತೀವಿ. ಕಡ್ಡಿ ಸಂದೀಲಿ ನುಸುಳಿ ಬರೋಷ್ಟರಲ್ಲಿ ಅದಕ್ಕೆ ಸುಸ್ತಾಗಿರತ್ತೆ. ಹೊತ್ತು ತಂದ ಕೆಸರು ಇಲ್ಲೇ ಇಳಿಸಿ ಹೋಗತ್ತೆ. ಹಿಂದೆ ಕಾಂಡ್ಲಾ ಗಿಡಗಳು ಮಾಡ್ತಿದ್ದ ಕೆಲಸ ಇದೇ. ಸೀಗಡಿ ಹೊಂಡಕ್ಕಂತ ಅವನ್ನ ಕಡಿದೋರೂ ನಾವೇ ಅಲ್ವಾ."

ಎಷ್ಟು ಕೆಸರು ಸೇರಿತೆಂದು ತಿಳಿಯಲು ಅವರ ಬಳಿ ಒಂದು ಕೋಲಿದೆ. ಒಬ್ಬರೇ ಆದ ವರ್ಷ ತಾಯಿಯ ಬಿದಿರಿನ ಪಕ್ಕದಲ್ಲಿ ಅದನ್ನು ಕೆಸರಿಗೆ ಹೊಡೆದು ನಿಲ್ಲಿಸಿದರು. ಬೆರಳಗಲಕ್ಕೊಂದು ಕತ್ತಿಯ ಗೀರು. ಆಗ ಪೂರ್ತಿ ಇಳಿತದಲ್ಲೂ ಗೋರಿಯ ಮೇಲೆ ಇಪ್ಪತ್ತು ಬೆರಳು ನೀರಿತ್ತು. ಇಪ್ಪತ್ತು ಗೀರು ಕೆಸರು ಏರಿದರೆ ಅಮ್ಮನ ನೆಲ ಮೇಲೆ ಬರುತ್ತದೆ ಎಂಬುದು ಅವರ ಲೆಕ್ಕ. ನಾಲ್ಕು ವರ್ಷದಲ್ಲಿ ಕೆಸರು ಇಪ್ಪತ್ತನಾಲ್ಕು ಗೀರು ದಾಟಿತು. ಪೂರ್ತಿ ಇಳಿತದ ದಿನ ಅಕ್ಕ ಚಾಪೆ, ಹೂವು, ಬಾಳೆಲೆಯಲ್ಲಿ ಕಟ್ಟಿದ ಅನ್ನ ಹಿಡಿದು ಬಂದರು. ಅಲ್ಲಿ ಅದೇ ಇಪ್ಪತ್ತು ಬೆರಳು ನೀರು!

"ಕೋಲು ಸುಳ್ಳು ಹೇಳ್ತಿದೆ ಅಂತ ಬೈದೆ. ಕಾಂಗ್‌ಗೆ ನಗು. ನಂಗೆ ಅಳು." ಗಂಡನನ್ನು ಅಕ್ಕ ಕರೆಯುವುದು ಕಾಂಗ್ ಎಂದೇ.

ಇನ್ನು ಮುಂದೆ ಹೇಳುವ ಪೆದ್ದುತನದಲ್ಲಿ ನನಗೂ ಪಾಲಿದೆ. ಕೆದುಂಗ್‌ಸಾರಿ ಎಂಬ ಈ ಊರಿನ ಮೂವತ್ತೊಂದು ಮನೆಗೆ ಇರುವುದು ಒಂದೇ ಆಳದ ಕೊಳವೆಬಾವಿ. ಹನ್ನೊಂದು ವರ್ಷದ ಹಿಂದೆ ಕಚೇರಿಗಳಿಗೆ ಅಲೆದು ಅದನ್ನು ತಂದವರು ರುಕಾನಾ ಅಕ್ಕನೇ. ಪಂಪಿನ ಪೆಟ್ಟಿಗೆಯ ಬೀಗದ ಕೈ ಇವತ್ತಿಗೂ ಅವರ ಸೊಂಟದಲ್ಲಿದೆ. ಕಬ್ಬಿಣದ ಕೊಳವೆಗೆ ಕೂಡಿಸಿದ ನಲ್ಲಿ ಆಗ ಮೊಣಕಾಲಿನ ಎತ್ತರಕ್ಕಿತ್ತು. ಕೆಲವು ವರ್ಷಕ್ಕೆ ಸೊಂಟಕ್ಕೆ ಬಂತು. ಆಮೇಲೆ ಎದೆಗೆ. ಈಗ ಹಣೆಯ ಮಟ್ಟಕ್ಕಿದೆ.

ನಾವೇನು ಮಾಡಿದೆವು ಗೊತ್ತೇ? ಕೊಳವೆ ಬೆಳೆಯುತ್ತಿದೆ, ಊರಿಗೆ ಬರಕತ್ತು ಬಂತು ಎಂದು ಹಿಗ್ಗಿದೆವು! ನಲ್ಲಿ ಎದೆಮಟ್ಟಕ್ಕೆ ಬಂದ ವರ್ಷ ಅರಿಶಿನ ಅನ್ನದ ಗೋಪುರ ಮಾಡಿ ಮನೆಮನೆಗೂ ಹಂಚಿದೆವು. ಬೊಗಸೆಯೊಡ್ಡಲು ಎತ್ತರವಾದಾಗ ಕೆಳಗೆ ಒಂದು ಕಲ್ಲಿಟ್ಟೆವು, ಮರುವರ್ಷ ಇನ್ನೊಂದು. ಮದುವೆಯಾಗಿ ಪಕ್ಕದ ಊರಿಗೆ ಬಂದ ನಾನು ಇಪ್ಪತ್ತು ವರ್ಷದಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ, ನಾಲ್ಕು ಅಕ್ಷರ ಕಲಿತವಳು. ನಾನೂ ಆ ಕಲ್ಲುಗಳ ಮೇಲೆ ನಿಂತು ಬೊಗಸೆಯೊಡ್ಡಿ ನೀರು ಕುಡಿದಿದ್ದೇನೆ. ಕಲ್ಲು ಯಾಕೆ ಬೇಕಾಯಿತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಕೇಳಿಕೊಂಡವರು ಅಕ್ಕ. ಆ ಇಳಿತದ ದಿನ ಸಿಟ್ಟಿನಲ್ಲಿ ಮುಖ ತೊಳೆಯಲು ನಲ್ಲಿಗೆ ಹೋದರು. "ಬಾವಿ ಬಂದ ದಿನ ಕೊಳವೆಗೆ ಹಸಿರು ಬಣ್ಣ ಬಳಿದಿದ್ದು ನಾನೇ. ನೆಲ ಮುಟ್ಟೋವರೆಗೂ ಬಳಿದಿದ್ದೆ, ಚೆನ್ನಾಗಿ ನೆನಪಿದೆ. ನೋಡ್ತೀನಿ, ಹಸಿರಿನ ಕೆಳಗೆ ಬೋಳು ಕಬ್ಬಿಣ! ಬೆರಳಿಟ್ಟು ಅಳೆದೆ. ಅರವತ್ತಾರು."

ಸುಲ್ಖಾನ್ ಅಣ್ಣ ಎಂದಿನಂತೆ ಮಾತು ತೇಲಿಸಿದರಂತೆ: "ಅಲೆ ಬಂದು ಬುಡದ ಮಣ್ಣು ತಿಂದಿರತ್ತೆ ಬಿಡೇ."

"ಹಾಗಾದ್ರೆ ಬುಡದಲ್ಲಿ ಗುಂಡಿ ಇರಬೇಕಲ್ರೀ? ನೆಲ ಅಂಗಳಕ್ಕೆ ಸಮ ಇದೆಯಲ್ಲ!"

ಹನ್ನೊಂದು ವರ್ಷಕ್ಕೆ ಅರವತ್ತಾರು. ವರ್ಷಕ್ಕೆ ಆರು. ನಾಲ್ಕು ವರ್ಷಕ್ಕೆ ಇಪ್ಪತ್ತನಾಲ್ಕು. ಬೇಲಿ ಗಳಿಸಿಕೊಟ್ಟ ಕೆಸರೂ ಇಪ್ಪತ್ತನಾಲ್ಕು ಬೆರಳೇ. ಅಕ್ಕ ಅಲ್ಲೇ ಕಲ್ಲಿನ ಮೇಲೆ ಕೂತರು.

"ಕೊಳವೆ ಮೇಲೆ ಬಂದಿರಲಿಲ್ಲ ತಂಗಿ. ನಾವು ಕೆಳಗೆ ಹೋಗಿದ್ವಿ. ಮನೆ, ಮಸೀದಿ, ಅಮ್ಮ, ಎಲ್ಲ. ಕೆಸರಲ್ಲಿ ನಿಂತ ಕೋಲೂ ನಮ್ಮ ಜೊತೇನೇ ಇಳೀತಾ ಇತ್ತು. ಪಾಪ, ಅದಕ್ಕೇನು ಗೊತ್ತಾಗಬೇಕು?"

ಶಾಲೆಯ ಮೇಷ್ಟ್ರು ಹರ್ಸೋನೊ ಬಂದು ನೋಡಿ, ಹೌದೆಂದು ತಲೆಯಾಡಿಸಿದರು. ಈ ಕರಾವಳಿಯೆಂದರೆ ಹೊಳೆಗಳು ಸಾವಿರಾರು ವರ್ಷ ಹೊತ್ತು ತಂದು ಪದರ ಪದರವಾಗಿ ಹಾಸಿದ ಹೂಳು. ಕಣಕಣದ ನಡುವೆ ನೀರಿದೆ, ಆ ನೀರೇ ನೆಲವನ್ನು ಎತ್ತಿ ಹಿಡಿದಿದೆ. ಕೊಳವೆಯ ಬುಡ ಆಳದ ಗಟ್ಟಿ ಮರಳಿನಲ್ಲಿ ಊರಿದ್ದರಿಂದ ಅದು ಅಲ್ಲಾಡಿಲ್ಲ. ನಾವು ನೀರು ಎಳೆದೆಳೆದು ಮೇಲಿನ ಹೂಳು ಒತ್ತಿಕೊಂಡು ತಗ್ಗಿದೆ. "ಹೀಗೇ ಒತ್ತಿ ಒತ್ತಿ ಲಕ್ಷಾಂತರ ವರ್ಷದಲ್ಲಿ ಕೆಸರು ಕಲ್ಲಾಗೋದು," ಎಂದರು ಮೇಷ್ಟ್ರು. "ಅದಕ್ಕೆ ಅವಸರ ಇರಲಿಲ್ಲ. ನಮಗಿತ್ತು."

ಮರುದಿನವೇ ಅಕ್ಕ ಪಂಪಿನ ಪೆಟ್ಟಿಗೆಗೆ ಬೀಗ ಜಡಿದರು. ಊರು ಸುಮ್ಮನಿರುತ್ತದೆಯೇ? "ತಂದೋಳೂ ನೀನೇ, ನಿಲ್ಲಿಸೋಳೂ ನೀನೇನಾ? ಸತ್ತೋರಿಗೆ ನೆಲ ಬೇಕು, ಬದುಕಿರೋರಿಗೆ ನೀರು ಬೇಡ್ವಾ?" ಎಂದು ಅಂಗಳದಲ್ಲಿ ನಿಂತು ಕೂಗಿದರು. ಅಕ್ಕ ಎಲ್ಲರನ್ನೂ ಕೊಳವೆಯ ಬಳಿ ಕರೆದೊಯ್ದು ಕಲ್ಲುಗಳನ್ನು ಒಂದೊಂದಾಗಿ ತೆಗೆಸಿದರು. ನಾವು ಹೆಂಗಸರು ಬರಿ ನೆಲದ ಮೇಲೆ ನಿಂತು ಕತ್ತೆತ್ತಿ ನಲ್ಲಿ ನೋಡಿದೆವು. ಈಗ ಮನೆಮನೆಗೂ ಮಳೆನೀರಿನ ಹಂಡೆ ಬಂದಿದೆ, ಕುಡಿಯುವ ನೀರಿಗಷ್ಟೇ ದಿನಕ್ಕೆ ಅರ್ಧ ಗಂಟೆ ಬೀಗ ತೆರೆಯುತ್ತದೆ.

ಇಳಿದ ನೆಲ ಮತ್ತೆ ಏಳುವುದಿಲ್ಲ, ಸುತ್ತಲಿನ ಸಾವಿರ ಬಾವಿಗಳು ಎಳೆಯುವುದನ್ನು ನಿಲ್ಲಿಸಿಲ್ಲ ಎಂಬುದೂ ಅಕ್ಕನಿಗೆ ತಿಳಿದಿದೆ. ಆದರೂ ಬೇಲಿಗೆ ಕಡ್ಡಿ ಬೀಳುವುದು ತಪ್ಪಿಲ್ಲ. ಬದಲಾಗಿರುವುದು ಅಳತೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯನ್ನು ಹಸಿರು ಗೆರೆಯಿಂದ ಅಮ್ಮನ ಬಿದಿರಿನವರೆಗೆ ಎಳೆದು, ಅಲುಗದ ಆ ಕಬ್ಬಿಣದ ಲೆಕ್ಕದಲ್ಲಿ ಕೆಸರು ಅಳೆಯುತ್ತಾರೆ. ಈ ದಿನ ಆ ತುದಿ ಹಿಡಿದವರು ಸುಲ್ಖಾನ್ ಅಣ್ಣ, ಈ ತುದಿ ಹಿಡಿದವಳು ನಾನು. ಬೀಗ ಹಾಕಿ ಎರಡು ತಿಂಗಳಾಗಿದೆ. ಕೋಲು ಒಂದು ಬೆರಳು ಏರಿದೆ ಎನ್ನುತ್ತದೆ.

ಅಕ್ಕ ಬಾಗಿ, ಕಣ್ಣು ಕಿರಿದು ಮಾಡಿ, ಪ್ಲಾಸ್ಟಿಕ್ ಕೊಳವೆಯ ನೀರಿನ ಮಟ್ಟವನ್ನು ಎರಡು ಸಲ ನೋಡುತ್ತಾರೆ. "ಅರ್ಧ."

"ಅರ್ಧವೇ? ಇಷ್ಟಕ್ಕಾ ನನ್ನ ಸೊಂಟ ಮುರಿದಿದ್ದು?" ಗಂಡನ ಗೊಣಗಾಟ.

"ಅರ್ಧ ಆದ್ರೂ ನಿಜದ್ದು ಕಾಂಗ್. ಹಿಂದಿನ ಇಪ್ಪತ್ತನಾಲ್ಕೂ ನಮ್ಮದಾಗಲಿಲ್ಲ."

ಏನು ಆಸೆ ಅಕ್ಕ ನಿಮಗೆ ಎಂದು ನಾನು ಕೇಳುತ್ತೇನೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಅಮ್ಮನ ಬಿದಿರನ್ನು ನೆಟ್ಟಗೆ ಮಾಡುತ್ತಾರೆ.

"ಒಂದು ಚಾಪೆ ಹಾಸೋಷ್ಟು ಜಾಗ. ಕೂತು ಅಳಬೇಕು ತಂಗಿ, ಒಂದೇ ಒಂದು ಸಲ. ದೋಣೀಲಿ ಅತ್ರೆ ದೋಣಿ ಅಲುಗತ್ತೆ, ಇವರು ಬೈತಾರೆ."

ಸುಲ್ಖಾನ್ ಅಣ್ಣ ಮುಂದಿನ ಹೊರೆ ಎತ್ತಿ ಹೆಂಡತಿಯ ತಲೆಯ ಮೇಲಿಡುತ್ತಾರೆ.