ನನ್ನ ಕೈಯಲ್ಲಿ ಅಳಿಸಿಹೋದ ಮದುವೆ

ಕೋವಿಡ್ ನಿರ್ಬಂಧಗಳೆಲ್ಲ ಮುಗಿದು ಮದುವೆಗಳು ಮತ್ತೆ ಜೋರಾಗಿ ನಡೆಯತೊಡಗಿದ್ದ ವರ್ಷ. ನಾನಾಗ ಮೈಸೂರಿನ ಒಂದು ಸಣ್ಣ ಕಂಪ್ಯೂಟರ್ ಸಂಸ್ಥೆಯಲ್ಲಿ ಸೀನಿಯರ್ ಸರ್ವಿಸ್ ಎಂಜಿನಿಯರ್. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆಯ ಸರ್ವರ್‌ಗಳ ಜವಾಬ್ದಾರಿ ನನ್ನದು. ಸರ್ವರ್ ಎಂದರೆ ದೊಡ್ಡ ಕೋಣೆ ತುಂಬುವ ಯಂತ್ರವಲ್ಲ. ನರ್ಸಿಂಗ್ ಹೋಮಿನಲ್ಲೋ ಸ್ಟುಡಿಯೊದಲ್ಲೋ ಮೂಲೆಯಲ್ಲಿ ಕುಳಿತು ಎಲ್ಲರ ಮಾಹಿತಿಯನ್ನೂ ಕಾಪಾಡುವ ಒಂದು ಪೆಟ್ಟಿಗೆ, ಅಷ್ಟೆ.

ಹುಣಸೂರಿನ ನಾಸಿರ್ ಸಾಹೇಬರ ಫೋಟೊ ಸ್ಟುಡಿಯೊಗೆ ಅಂಥದೊಂದನ್ನು ನಾನೇ ಕೂರಿಸಿದ್ದೆ. ಹಳೆಯ ಹಾರ್ಡ್ ಡಿಸ್ಕ್‌ಗಳ ಜಾಗದಲ್ಲಿ ಎರಡು ಎಸ್‌ಎಸ್‌ಡಿ. ಇದರೊಳಗೆ ತಿರುಗುವ ತಟ್ಟೆ ಇಲ್ಲ, ಬರೀ ಚಿಪ್‌ಗಳು. ಹಾಗಾಗಿ ವೇಗ ಹೆಚ್ಚು. ಎರಡನ್ನೂ ಮಿರರ್ ಮಾಡಿದ್ದೆ. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಇರುತ್ತದೆ; ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. “ಇದರ ಜೊತೆಗೆ ಹೊರಗಡೆ ಇನ್ನೊಂದು ಕಾಪಿ ಇಟ್ಕೋಬೇಕಾ ಸಾರ್?” ಎಂದು ಸಾಹೇಬರು ಆಗಲೇ ಕೇಳಿದ್ದರು. “ಎರಡು ಕಡೆ ಇರುತ್ತಲ್ಲ, ಇನ್ನೇನು ಬೇಕು?” ಎಂದು ನಾನು ನಕ್ಕಿದ್ದೆ.

ಮದುವೆ ಸೀಸನ್ನಿನ ನಡುವೆ ಅವರ ಫೋನು ಬಂತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗುತ್ತಿದೆಯಂತೆ. ಒಂದು ಡಿಸ್ಕ್ ಕೈಕೊಟ್ಟಿತ್ತು. ಹೊಸದು ಬರುವುದು ತಡವಾಗುತ್ತಿತ್ತು. ಇನ್ನೊಂದು ಇದೆಯಲ್ಲ, ಕೆಲಸ ನಿಲ್ಲಿಸಬೇಡಿ ಎಂದೆ. ಅವರು ನನ್ನ ಮಾತು ನಂಬಿ ಮದುವೆಗಳ ಫೋಟೊ ತೆಗೆಯುತ್ತ ಹೋದರು.

ಹೊಸ ಡಿಸ್ಕ್ ಹಿಡಿದು ನಾನು ಹೋದದ್ದು ಒಂದು ಮಧ್ಯಾಹ್ನ. ಕೆಟ್ಟದ್ದನ್ನು ವಾರಂಟಿಗೆ ಕಳಿಸಬೇಕಿತ್ತು. ಗ್ರಾಹಕರ ಫೋಟೊಗಳು ಪರರ ಕೈಗೆ ಸಿಗಬಾರದೆಂದು ಅದನ್ನು ಮೊದಲು ಪೂರ್ತಿ ಅಳಿಸುವುದು ನಮ್ಮ ವಾಡಿಕೆ. ಡಿಸ್ಕ್ ಕೂರುವ ಗೂಡುಗಳಲ್ಲಿ ದೀಪ ಮಿನುಗುತ್ತಿದ್ದುದರ ಮೇಲೆ ಒಂದು ಎಂಬ ಅಂಕಿ ಇತ್ತು. ತೆರೆಯ ಮೇಲೂ ಒಂದನ್ನೇ ಆರಿಸಿ ಗುಂಡಿ ಒತ್ತಿದೆ. ಆ ಪ್ರೋಗ್ರಾಮು ಸೊನ್ನೆಯಿಂದ ಎಣಿಸುತ್ತದೆ. ಅದರ ಲೆಕ್ಕದಲ್ಲಿ ಒಂದು ಎಂದರೆ ಎರಡನೆಯ ಡಿಸ್ಕ್. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹೊಸ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದೆ. ಹಾರ್ಡ್ ಡಿಸ್ಕ್ ಅಳಿಸಲು ಗಂಟೆಗಟ್ಟಲೆ ಬೇಕು, ತಪ್ಪು ಗೊತ್ತಾದರೆ ನಡುವೆ ನಿಲ್ಲಿಸಬಹುದು. ಎಸ್‌ಎಸ್‌ಡಿ ಅಷ್ಟು ಹೊತ್ತು ಕೊಡುವುದಿಲ್ಲ. ನಾನು ಹಣೆ ಒರೆಸಿಕೊಳ್ಳುವುದರೊಳಗೆ ಒಳ್ಳೆಯ ಡಿಸ್ಕ್ ಖಾಲಿಯಾಗಿತ್ತು.

ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

“ಹೋಯ್ತಾ ಸಾರ್?”

“ಹೋಯ್ತು. ನಾನೇ ಅಳಿಸಿಬಿಟ್ಟೆ.”

ಆಮೇಲೆ ನೋಡಿದರೆ ಕೆಟ್ಟ ಡಿಸ್ಕಿನಿಂದ ಓದಲು ಆಗುತ್ತಿತ್ತು, ಬರೆಯಲು ಮಾತ್ರ ಆಗುತ್ತಿರಲಿಲ್ಲ. ಹಾಗಾಗಿ ಹಳೆಯ ಫೋಟೊಗಳೆಲ್ಲ ಉಳಿದವು. ದೀಪ ಮಿನುಗಿದ ಮೇಲೆ ತೆಗೆದವು ಮಾತ್ರ ಹೋದವು. ಅವುಗಳಲ್ಲೂ ಒಂದನ್ನು ಬಿಟ್ಟು ಉಳಿದ ಮದುವೆ ಮನೆಯವರಿಗೆ ಫೋಟೊ ಆಗಲೇ ತಲುಪಿತ್ತು. ತಲುಪದೆ ಇದ್ದದ್ದು ಸರಗೂರಿನಾಚೆಯ ಹಳ್ಳಿಯ ಪುಟ್ಟಸ್ವಾಮಿ ಎಂಬುವವರ ಮಗಳು ಸವಿತಾಳ ಮದುವೆ. ಕ್ಯಾಮೆರಾದ ಕಾರ್ಡುಗಳಲ್ಲಿ ಆಗಲೇ ಬೇರೆ ಮದುವೆಗಳು ತುಂಬಿದ್ದವು. ಅಳಿಸಿದ ಡಿಸ್ಕನ್ನು, ಹೋದ ಮಾಹಿತಿ ಹಿಂಪಡೆದುಕೊಡುವ ಬೆಂಗಳೂರಿನ ಒಂದು ಲ್ಯಾಬ್‌ಗೆ ಕಳಿಸಿದೆ. ಏನೂ ಸಿಗುವುದಿಲ್ಲ ಎಂದು ಅಲ್ಲಿಯವರು ಕೈಚೆಲ್ಲಿದರು.

ಆಗ ಸಾಹೇಬರು ಇನ್ನೊಂದು ಸಂಗತಿ ಹೇಳಿದರು. ಸವಿತಾಳಿಗೆ ತಾಯಿಯಿಲ್ಲ, ಸಾಕಿದವಳು ಅಜ್ಜಿ ದೇವಮ್ಮ. ಕ್ಯಾಮೆರಾ ಕಂಡರೆ ಸೆರಗು ಮರೆ ಮಾಡಿಕೊಂಡು ಓಡುತ್ತಿದ್ದ ಮುದುಕಿಯನ್ನು ಅಂದು ಹೇಗೋ ಪುಸಲಾಯಿಸಿ, ಮೊಮ್ಮಗಳ ಪಕ್ಕ ಕೂರಿಸಿ ಫೋಟೊ ತೆಗೆದಿದ್ದರು. ಮದುವೆಯಾದ ಕೆಲವೇ ದಿನಗಳಲ್ಲಿ ದೇವಮ್ಮ ತೀರಿಕೊಂಡಿದ್ದಳು.

ಇಬ್ಬರೂ ಅವರ ಊರಿಗೆ ಹೋದೆವು. ಸವಿತಾ ಗಂಡನ ಮನೆಯಿಂದ ಬಂದಿದ್ದಳು. ನಮ್ಮನ್ನು ಕಂಡೊಡನೆ, “ಆಲ್ಬಮ್ ತಂದ್ರಾ ಸಾಬ್ರೇ?” ಎಂದು ಎದ್ದು ಬಂದಳು. ಸಾಹೇಬರು ನನ್ನ ಕಡೆ ನೋಡದೆ, “ಸಿಡಿಲು ಹೊಡೆದು ಮಿಷನ್ ಸುಟ್ಟೋಯ್ತಮ್ಮ, ಎಲ್ಲಾ ಫೋಟೊ ಹೋಯ್ತು” ಎಂದುಬಿಟ್ಟರು. ಅಂಥ ಮಾತು ಅವರ ಬಾಯಿಂದ ಬರುತ್ತದೆಂದು ನಾನು ಎಣಿಸಿರಲಿಲ್ಲ. ನನ್ನನ್ನು ಕಾಪಾಡಲು ಅವರು ಸುಳ್ಳು ಹೇಳಿದ್ದರು.

ಪುಟ್ಟಸ್ವಾಮಿ ನಮ್ಮನ್ನು ಜಗಲಿಯ ಮೇಲೆ ಕೂರಿಸಿದರು. ಆಮೇಲೆ, “ಬುಡಿ ಸಾಬ್ರೇ, ಸಿಡ್ಲಿಗೆ ಯಾರೇನ್ ಮಾಡಾಕಾಯ್ತದೆ? ನಿಮ್ಗೂ ನಷ್ಟ ಆಯ್ತಲ್ಲ, ಪಾಪ” ಎಂದು ನನ್ನ ಕೈಗೂ ಒಂದು ಲೋಟ ಕಾಫಿ ಕೊಟ್ಟರು. ಆ ಲೋಟ ಹಿಡಿದು ಕೂತಾಗ ಆದಷ್ಟು ನಾಚಿಕೆ ನನಗೆ ಬೇರೆಂದೂ ಆಗಿಲ್ಲ. ಗುಂಡಿ ಒತ್ತಿದ್ದು ಕೈತಪ್ಪು. ಈ ಕಾಫಿ ಕುಡಿದರೆ ಅದು ತಿಳಿದೂ ಮಾಡಿದ ಮೋಸವಾಗುತ್ತಿತ್ತು. ಲೋಟ ಕೆಳಗಿಟ್ಟೆ.

“ಸಿಡಿಲು ಹೊಡೆದಿಲ್ಲ. ನಾನು ಎಂಜಿನಿಯರ್. ಕೆಟ್ಟದ್ದು ಅಂತ ಒಳ್ಳೇದನ್ನ ಅಳಿಸಿಬಿಟ್ಟೆ. ಸಾಹೇಬರದು ಏನೂ ತಪ್ಪಿಲ್ಲ” ಎಂದೆ.

ಪುಟ್ಟಸ್ವಾಮಿ ತಲೆ ತಗ್ಗಿಸಿದರು. ಸವಿತಾ ತಗ್ಗಿಸಲಿಲ್ಲ. “ನಮ್ಮಜ್ಜಿದು ಒಂದೇ ಒಂದು ಪಟ ಇದ್ದುದ್ದು ಸಾರ್. ನೋಡ್ಕಂಡು ಒತ್ತಕ್ಕೆ ಆಗ್ನಿಲ್ವಾ ನಿಮ್ಗೆ?” ಎಂದಳು.

ಆಮೇಲಿನ ಭಾನುವಾರಗಳನ್ನೆಲ್ಲ ಸಾಹೇಬರೂ ನಾನೂ ಮದುವೆಗೆ ಬಂದಿದ್ದವರ ಮನೆ ಸುತ್ತುವುದರಲ್ಲಿ ಕಳೆದೆವು. ಎನ್. ಬೇಗೂರಿನ ನೆಂಟರು, ಎಚ್.ಡಿ. ಕೋಟೆಯ ಗೆಳತಿಯರು, ಓಲಗದವರು, ಅಡುಗೆಯವರು. ಹೋದಲ್ಲೆಲ್ಲ ನಾವು ಬಂದ ಕಾರಣ ಹೇಳಬೇಕು, ಹೇಳಿದಾಗಲೆಲ್ಲ ಅವರು ನನ್ನನ್ನು ನೋಡುವುದನ್ನು ಸಹಿಸಬೇಕು. “ಎಂಜಿನಿಯರ್ ಅಂತೀರಾ?” ಎಂದು ಒಬ್ಬರು ಮುಖಕ್ಕೇ ಕೇಳಿದರು. ಫೋನುಗಳಲ್ಲಿ ಸಿಕ್ಕಿದ್ದನ್ನೆಲ್ಲ ಕೂಡಿಸಿದೆವು. ಅಲುಗಾಡಿದವು, ಅರ್ಧ ತಲೆ ಕತ್ತರಿಸಿದವು, ಸೆಲ್ಫಿಗಳು. ಎಲ್ಲಿಯೂ ದೇವಮ್ಮ ಇರಲಿಲ್ಲ.

ಕೊನೆಗೆ ಅಡುಗೆಯವರೊಬ್ಬರ ಫೋನಿನಲ್ಲಿ ಊಟದ ಪಂಕ್ತಿಯ ವಿಡಿಯೊ ಸಿಕ್ಕಿತು. ಅದರ ಅಂಚಿನಲ್ಲಿ, ಕಂಬಕ್ಕೆ ಒರಗಿ ನಿಂತ ಮುದುಕಿ ಬಡಿಸುವವನನ್ನು ಗದರುತ್ತಾಳೆ: “ಲೇ, ಆ ಕೂಸಿಗೆ ಇನ್ನೊಸಿ ಪಾಯ್ಸ ಬುಡ್ಲಾ!” ಸೆರಗು ಮರೆ ಮಾಡಿಕೊಂಡಿಲ್ಲ. ಫೋನು ತನ್ನ ಕಡೆ ತಿರುಗಿರುವುದು ಅವಳಿಗೆ ಗೊತ್ತೇ ಇಲ್ಲ.

ಸವಿತಾಳಿಗೆ ತೋರಿಸಿದೆವು. ಮತ್ತೆ ಮತ್ತೆ ಹಾಕಿ ನೋಡಿದಳು. ಅವಳು ಅಳಬಹುದು, ನನ್ನನ್ನು ಕ್ಷಮಿಸಬಹುದು ಎಂದು ನಾನು ಒಳಗೊಳಗೇ ಕಾದಿದ್ದೆ. ಆ ಆಸೆಗೂ ಈಗ ನಾಚಿಕೆಯಾಗುತ್ತದೆ. ಅವಳು ಎರಡನ್ನೂ ಮಾಡಲಿಲ್ಲ. ಕಣ್ಣೆತ್ತಿ, “ಇದುನ್ನ ನನ್ ಪೋನ್ಗೊಂದು, ಪೆನ್‌ಡ್ರೈವ್ಗೊಂದು ಆಕ್ಕೊಡಿ. ಪೆನ್‌ಡ್ರೈವ್ ನಮ್ ಬೀರುನಲ್ಲಿ ಇರ್ತದೆ. ಅದುನ್ನ ಮಾತ್ರ ನೀವು ಮುಟ್ಬ್ಯಾಡಿ ಸಾರ್” ಎಂದಳು.

ಈಗ ಯಾರಿಗೆ ಸರ್ವರ್ ಹಾಕಿಕೊಟ್ಟರೂ ಕೊನೆಯಲ್ಲಿ ಒಂದು ಪ್ರತಿ ಮಾಡಿ ಮಾಲೀಕರ ಕೈಗೇ ಕೊಡುತ್ತೇನೆ, ನಾನು ಕೇಳಿದರೂ ಕೊಡಬೇಡಿ ಎಂದು ಹೇಳಿ ಬರುತ್ತೇನೆ. ಎರಡು ಡಿಸ್ಕ್ ಸೇರಿಸಿದ ಮಿರರ್ ಯಂತ್ರದ ಸೋಲನ್ನಷ್ಟೇ ತಾಳಿಕೊಳ್ಳುತ್ತದೆ. ಎಂಜಿನಿಯರನ ಕೈಗೆ ಎಟುಕದ ಜಾಗದಲ್ಲಿ ಇರುವುದಷ್ಟೇ ನಿಜವಾದ ಬ್ಯಾಕಪ್. ವೃತ್ತಿ ನನಗೆ ಕಲಿಸಿದ ಈ ಪಾಠಕ್ಕೆ ಬೆಲೆ ತೆತ್ತವಳು ಮಾತ್ರ ಸವಿತಾ.