ರಾಣಿಗೆ ಕುಡಿಸಿದ ಬಾಳೆದಿಂಡಿನ ರಸ

ನನ್ನ ಓರಗಿತ್ತಿ ಪಟಾಲಮ್ಮನಿಗೆ ಸವತಿಯಿಲ್ಲ, ಆದರೂ ಸವತಿ ಮತ್ಸರ ಬಿಟ್ಟಿಲ್ಲ. ಅದಕ್ಕೆ ಕಾರಣ ರಾಣಿ, ಅವಳ ಗಂಡ, ನನ್ನ ಭಾವ ಮುನಿವೆಂಕಟಪ್ಪ ಹತ್ತು ವರ್ಷದಿಂದ ಸಾಕಿರುವ ಹೆಣ್ಣು ನಾಯಿ. ಕಗ್ಗದಾಸಪುರದ ನಮ್ಮ ರಾಗಿ ಹೊಲದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಬಾಡಿಗೆಯವರು ಮೇಲೆ, ನಮ್ಮ ಎರಡು ಸಂಸಾರ ಕೆಳಗೆ. ಭಾವನಿಗೆ ಬೇರೆ ಕೆಲಸವಿಲ್ಲ. ಬೆಳಗ್ಗೆ ಎದ್ದು ರಾಣಿಗೆ ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಊದಿ ಆರಿಸಿ ತಿನ್ನಿಸುತ್ತಾರೆ. ಪಟಾಲಮ್ಮನನ್ನು ನಾನು ಅಕ್ಕ ಎಂದೇ ಕರೆಯುವುದು. ಅಕ್ಕ ಅಡುಗೆಮನೆ ಕಿಟಕಿಯಿಂದ ಅದನ್ನು ನೋಡಿ ಕುದಿಯುತ್ತಾಳೆ. ಮದುವೆಯಾಗಿ ಮೂವತ್ತೈದು ವರ್ಷ, ಗಂಡ ಅವಳನ್ನು ಕರೆದದ್ದೆಲ್ಲ "ಏನೇ" ಎಂದೇ. ನಾಯಿ ಮಾತ್ರ ರಾಣಿ.

ಈ ಸಿಟ್ಟಿಗೆ ಇನ್ನೂ ಹಳೆಯ ಕಾರಣವಿದೆ. ಹನ್ನೊಂದು ವರ್ಷದ ಹಿಂದೆ ಅಕ್ಕ ಮೂತ್ರದ ಕಲ್ಲಿನಿಂದ ಮೂರು ದಿನ ಒದ್ದಾಡಿದಳು. ಭಾವ ಕೆ.ಆರ್. ಪುರದ ಸಂತೆಯಿಂದ ಬಾಳೆದಿಂಡು ತಂದಿಟ್ಟು, ರಸ ಕುಡಿದರೆ ಹೋಗುತ್ತದೆ ಎಂದು ಹೇಳಿ, ಮಹದೇವಪುರದ ನೆಂಟರ ಗೃಹಪ್ರವೇಶಕ್ಕೆ ಹೊರಟುಹೋದರು. ನಮ್ಮ ಮನೆತನದಲ್ಲಿ ಉಚ್ಚೆ ಕಟ್ಟಿದರೆ ಬಾಳೆದಿಂಡೇ ಔಷಧಿ, ಬೇರೆ ಮಾತಿಲ್ಲ. ಅಕ್ಕ ಅದನ್ನೇ ಕುಡಿದು ನರಳಿದಳು, ಕಲ್ಲು ಕೊನೆಗೆ ತಾನಾಗಿಯೇ ಬಿದ್ದುಹೋಯಿತು.

ಕಳೆದ ಕಾರ್ತೀಕದಲ್ಲಿ ರಾಣಿ ಕಾಂಪೌಂಡಿನಲ್ಲಿ ಮತ್ತೆ ಮತ್ತೆ ಕೂತು ಏಳತೊಡಗಿತು, ಉಚ್ಚೆ ಒಂದು ಹನಿಯೂ ಬರುತ್ತಿರಲಿಲ್ಲ. ಭಾವ ಊಟ ಬಿಟ್ಟರು. ಬೆಳಗಾದರೆ ಇಂದಿರಾನಗರದ ಪ್ರಾಣಿಗಳ ಆಸ್ಪತ್ರೆಗೆ ಹೋಗುವುದೆಂದಾಯಿತು. ಆ ಸಂಜೆ ಅಕ್ಕ ದಿಂಡು ಜಜ್ಜಿ ರಸ ತೆಗೆದು, ಮಜ್ಜಿಗೆ ಬೆರೆಸಿ, ಎರಡು ಚೊಂಬು ರಾಣಿಯ ಮುಂದೆ ಸುರಿದಳು. ತನಗೆ ಸಾಕಾದ ಔಷಧಿ ಇವಳಿಗೆ ಸಾಲದೇ ಎಂದು ನನ್ನನ್ನೇ ಕೇಳಿದಳು. ವಾಸಿಯಾಗಲಿ ಎಂಬ ಆಸೆಯೂ ಅದರಲ್ಲಿತ್ತು, ಹೊಟ್ಟೆಕಿಚ್ಚೂ ಇತ್ತು. ನಾನು ಎರಡನ್ನೂ ಕಂಡೆ, ತಡೆಯಲಿಲ್ಲ. ಪಾಪ, ನಾಯಿ ನಂಬಿ ಕುಡಿಯಿತು.

ಬೆಳಗ್ಗೆ ರಾಣಿಯ ಹೊಟ್ಟೆ ಬಿಗಿದುಕೊಂಡಿತ್ತು, ಮುಟ್ಟಿದರೆ ನರಳುತ್ತಿತ್ತು. ಮೂವರೂ ಕ್ಯಾಬ್ ಹಿಡಿದು ಓಡಿದೆವು. ಡಾಕ್ಟರ್ ನಿಖಿತಾ ಮೊದಲು ಹೊಟ್ಟೆಯ ಮೇಲಿಂದ ಸೂಜಿ ಹಾಕಿ ಮೂತ್ರ ಖಾಲಿ ಮಾಡಿದರು. ಸ್ಕ್ಯಾನ್ ನೋಡಿ, ಮೂತ್ರದ ದಾರಿಯಲ್ಲಿ ಗಡ್ಡೆ ಬೆಳೆದಿದೆ, ಕತ್ತರಿಸಿ ತೆಗೆಯುವಂತಿಲ್ಲ ಎಂದರು. ಹೊಟ್ಟೆ ಕೊಯ್ಯದೆ ಆ ದಾರಿಯೊಳಗೇ ಸ್ಟೆಂಟ್ ಎಂಬ ಜಾಲರಿ ಕೊಳವೆ ಕೂರಿಸಿದರೆ ಮೂತ್ರ ಹರಿಯುತ್ತದೆ. ಗಡ್ಡೆ ಉಳಿಯುತ್ತದೆ, ಆದರೂ ಕೆಲವು ತಿಂಗಳು ನೆಮ್ಮದಿಯಾಗಿ ಇರಬಹುದು. ಆಮೇಲೆ, ಮನೆಯಲ್ಲಿ ಏನಾದರೂ ಕುಡಿಸಿದಿರಾ ಎಂದು ಕೇಳಿದರು. ಅಕ್ಕ ಮುಚ್ಚಿಡಲಿಲ್ಲ.

"ದಾರಿ ಮುಚ್ಚಿರೋವಾಗ ಮೇಲಿಂದ ಸುರೀತಾ ಹೋದ್ರೆ ಮೂತ್ರದ ಚೀಲ ಒಡೆದ್ಹೋಗುತ್ತಮ್ಮಾ. ಜೀವ ಹೋಗೋ ಅಷ್ಟು ನೋವು ತಿಂದಿದೆ ಇದು."

ಭಾವ ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ರಾಣಿಯನ್ನು ಒಳಗೆ ಕರೆದೊಯ್ದ ಮೇಲೆ ಅಕ್ಕನ ಕಡೆ ತಿರುಗಿದರು.

"ಅವತ್ತು ನಿಂಗೂ ಹಿಂಗೇ ನೋಯ್ತಿತ್ತಾ?"

"ನೋಯ್ತಿತ್ತು. ನೀವು ಹೋಳಿಗೆ ಊಟಕ್ಕೆ ಹೋಗಿದ್ರಿ."

ಸ್ಟೆಂಟ್ ಕೂತಿತು, ರಾಣಿ ಬದುಕಿತು. ಈಗ ಮೂತ್ರ ಹಿಡಿತವಿಲ್ಲದೆ ತೊಟ್ಟಿಕ್ಕುತ್ತದೆ. ಅಕ್ಕ ತನ್ನ ಹಳೇ ಸೀರೆ ಹರಿದು ಅದಕ್ಕೆ ಬಟ್ಟೆ ಕಟ್ಟುತ್ತಾಳೆ, ಕಟ್ಟುವಷ್ಟು ಹೊತ್ತೂ ಬೈಯುತ್ತಾಳೆ. ಹನ್ನೊಂದು ವರ್ಷ ಕಾದಿದ್ದ ಒಂದು ಮಾತು ಗಂಡನ ಬಾಯಿಂದ ಹೊರಟಿತು, ಆದರೆ ಹೊರಡಿಸಿದ್ದು ತನ್ನ ನೋವಲ್ಲ, ನಾಯಿಯ ನೋವು. ಆ ಹೊಟ್ಟೆಕಿಚ್ಚು ಅವಳಿಗಿನ್ನೂ ಆರಿಲ್ಲ.