ಗಾಡಿಯ ಮೊದಲ ಸದ್ದು

ನಾನು ಎರಡು ತಿಂಗಳು ಹೆಂಡತಿಯ ಡ್ರೈವಿಂಗನ್ನು ಆಡಿಕೊಂಡೆ, ತಪ್ಪು ನನ್ನದೇ ಆಗಿತ್ತು. ಇದನ್ನು ಹೇಳಿಬಿಟ್ಟರೆ ಮುಂದಿನದು ಸುಲಭ.

ಸುಧಾ ಕಮಲಾಪುರದ ಹೈಸ್ಕೂಲಿನಲ್ಲಿ ಟೀಚರು. ಕೋಟನೂರಿನ ನಮ್ಮ ಮನೆಯಿಂದ ದಿನಾ ಕಾರಿನಲ್ಲಿ ಹೋಗಿಬರುತ್ತಾಳೆ. ಐವತ್ತರ ಹೊಸ್ತಿಲಲ್ಲಿ ಕಲಿತ ಡ್ರೈವಿಂಗ್, ಅವಳಿಗೆ ಅದರ ಮೇಲೆ ತುಂಬ ಅಭಿಮಾನ. ಡಿಸೆಂಬರಿನಲ್ಲಿ ಕಾರು ಬೆಳಿಗ್ಗೆ ಶುರುಮಾಡಿದ ಕೂಡಲೇ ಟಕಟಕ ಅನ್ನತೊಡಗಿತು, ಬಾನೆಟ್ಟಿನೊಳಗೆ ಯಾರೋ ಕೂತು ಅಡಕತ್ತರಿ ಆಡಿಸಿದ ಹಾಗೆ. ನಾನು ಹಾಸಿಗೆಯಿಂದಲೇ ಕೂಗುತ್ತಿದ್ದೆ, "ಅಷ್ಟ್ಯಾಕ ರೇಸ್ ಮಾಡ್ತಿ?" ಕೊನೆಗೊಂದು ದಿನ ಅವಳು ಚಾವಿಯನ್ನು ಮೇಜಿನ ಮೇಲಿಟ್ಟಳು. "ನಿಮ್ಮ ಗಾಡಿ ನೀವೇ ಇಟ್ಕೊಳ್ರಿ. ಸೋಮವಾರದಿಂದ ನಾ ಬಸ್ಸಿಗೆ ಹೋಗ್ತೀನಿ."

ಗಾಬರಿಯಾಗಿ ಕಾರನ್ನು ಕಮಲಾಪುರದ ಖಾಜಾ ಉಸ್ತಾದರ ಗ್ಯಾರೇಜಿಗೆ ಒಯ್ದೆ. ಅಲ್ಲಿ ತಲುಪುವಷ್ಟರಲ್ಲಿ ಇಂಜಿನ್ ಬೆಚ್ಚಗಾಗಿ ಸದ್ದೇ ಇಲ್ಲ! ಡಾಕ್ಟರ ಮನೆ ಬಾಗಿಲಲ್ಲಿ ಮಗುವಿನ ಜ್ವರ ಇಳಿಯುತ್ತದಲ್ಲ, ಹಾಗೆ. "ನಮ್ಮ ಮನಿಯವರ ಕೈ ಸ್ವಲ್ಪ ಒರಟು," ಎಂದು ಅಲ್ಲಿಯೂ ಚಾಡಿ ಹೇಳಿದೆ. ಉಸ್ತಾದರು ನಕ್ಕರು. "ಬಿಸಿ ಗಾಡಿ ಖರೇ ಹೇಳಂಗಿಲ್ರಿ ಸರ. ಐತವಾರ ನಾನೇ ಬರ್ತೀನಿ. ನಾ ಬರೋತನಕ ಚಾವಿ ಮುಟ್ಟಬ್ಯಾಡ್ರಿ."

ಒಂದು ಸದ್ದು ಕೇಳಲು ಆ ಮನುಷ್ಯ ಚಳಿಯಲ್ಲಿ ಮೊದಲ ಬಸ್ಸು ಹಿಡಿದು ಬಂದರು. ಚಹಾ ಕೊಟ್ಟರೆ, "ಮೊದಲ ಆವಾಜ್, ಆಮ್ಯಾಲ ಚಹಾ," ಅಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಣ್ಣಗಿರುವುದನ್ನು ಖಾತ್ರಿ ಮಾಡಿಕೊಂಡರು, ಆಮೇಲೆ ಕಣ್ಣುಮುಚ್ಚಿ ನಿಂತರು. ಸುಧಾ ಚಾವಿ ತಿರುಗಿಸಿದಳು. ಟಕಟಕ ಕೆಲವು ಕ್ಷಣ ಬಡಿದು ತಾನೇ ಅಡಗಿತು. ನಮ್ಮ ಊರಿನ ಸಂಗೀತ ಕಛೇರಿಗಳಲ್ಲೂ ನಾನು ಅಂಥ ಕೇಳುಗನನ್ನು ಕಂಡಿಲ್ಲ.

ಎಣ್ಣೆ ನೋಡುವ ಕಡ್ಡಿ ಎಳೆದು, ಒಂದು ಹನಿಯನ್ನು ಬೆರಳುಗಳ ನಡುವೆ ಉಜ್ಜಿದರು. "ಮೇಡಂ ಅವರ ಕೈ ಛಲೋ ಅದ್ರಿ. ಎಣ್ಣಿ ಭಾಳ ದಪ್ಪ ಅದ. ಥಂಡ್ಯಾಗ ಮ್ಯಾಲ ಏರಲಿಕ್ಕ ತಡಾ ಮಾಡ್ತದ, ಅಲ್ಲಿತನಕ ಒಳಗ ಒಣಾ ಬಡಿತದ. ಅಂಗಡಿಯವ್ರು ತಪ್ಪಿ ಕೊಟ್ಟಿರಬೇಕು."

ಅಂಗಡಿಯವರು ತಪ್ಪಿರಲಿಲ್ಲ. ನಮ್ಮ ಬಿಸಿಲಿಗೆ ಗಟ್ಟಿ ಎಣ್ಣೆಯೇ ಸರಿ ಎಂದು ಹಟಹಿಡಿದು ಹಾಕಿಸಿದವನು ನಾನು. ಡಬ್ಬಿಯ ಮೇಲೆ ಡಬ್ಲ್ಯೂ ಅಕ್ಷರದ ಮುಂಚಿನ ಅಂಕಿ ಇರುವುದೇ ಚಳಿಯ ಮುಂಜಾನೆಗಾಗಿ, ಅದು ಸಣ್ಣದಿದ್ದಷ್ಟೂ ಎಣ್ಣೆ ಬೇಗ ಹರಿಯುತ್ತದೆ. ನಾನೋ, ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಹೇಳಿದವನು! ಉದ್ದನೆಯ ಜಾರಿನ ಹರಳೆಣ್ಣೆಯಲ್ಲಿ ಉಕ್ಕಿನ ಗುಂಡು ಬಿಟ್ಟು, ಸ್ನಿಗ್ಧತೆ, ಅಂದರೆ ಎಣ್ಣೆಯ ಮಂದತನ, ಚಳಿಗೆ ಏರುತ್ತದೆ, ಬಿಸಿಗೆ ಇಳಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದವನು. ಬರೆದದ್ದು ಬೋರ್ಡಿನ ಮೇಲೇ ಉಳಿದಿತ್ತು.

ಉಸ್ತಾದರು ಕೊಟ್ಟ ನೆಪವನ್ನು ಹಿಡಿದುಕೊಳ್ಳಬಹುದಿತ್ತು. ಸುಧಾ ನನ್ನನ್ನೇ ನೋಡುತ್ತಿದ್ದಳು. "ಅಂಗಡಿಯವ್ರಲ್ಲ ಉಸ್ತಾದ್, ನಾನೇ ಹಾಕಿಸಿದ್ದು," ಅಂದೆ. ನಾಚಿಕೆಯಾಯಿತು, ಎದೆ ಹಗುರವೂ ಆಯಿತು. ಅವಳು ಮೇಜಿನ ಮೇಲೆ ಆರುತ್ತಿದ್ದ ಚಹಾವನ್ನು ಬಿಸಿಮಾಡಲು ಒಳಗೆ ಹೋದಳು.

ಅವತ್ತೇ ಗಾಡಿಯ ಪುಸ್ತಕದಲ್ಲಿ ಹೇಳಿದ ತೆಳು ಎಣ್ಣೆ ಬಿತ್ತು. ಸೋಮವಾರ ಸುಧಾ ಚಾವಿ ತೆಗೆದುಕೊಂಡಳು. ಈಗ ಕಾರು ಎಷ್ಟು ಮೆತ್ತಗೆ ಶುರುವಾಗುತ್ತದೆಂದರೆ, ಮಲಗಿದ್ದರೆ ಅವಳು ಹೊರಟದ್ದೇ ತಿಳಿಯುವುದಿಲ್ಲ. ಅದಕ್ಕೇ ಬೇಗ ಎದ್ದು ಗೇಟು ತೆರೆದು ನಿಲ್ಲುತ್ತೇನೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಕೆಲಸಕ್ಕೆ ಹೋಗುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.